ದೋಷವಿಲ್ಲ ಎಂದವರು

ನಮ್ಮ ಡಾಕ್ಟರು ತೀರಿಕೊಂಡ ಮೇಲೆ ಕನ್ನಡ ಸಂಘದವರು ಒಂದು ಭಾನುವಾರ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಮಾತಾಡಿದವರೆಲ್ಲ ಅವರನ್ನು “ನಿಷ್ಠುರ ವಿಜ್ಞಾನಿ” ಎಂದರು. ಮೊದಲನೆಯವರು ಹೇಳಿದರೆಂದು ಎರಡನೆಯವರು, ಇಬ್ಬರು ಹೇಳಿದ್ದಾರಲ್ಲ ಎಂದು ಮೂರನೆಯವರು. ನನ್ನ ಸರದಿ ಬಂದಾಗ ಗಂಟಲು ಸರಿಯಿಲ್ಲವೆಂದು ತಪ್ಪಿಸಿಕೊಂಡೆ. ಗಂಟಲಿಗೆ ಏನೂ ಆಗಿರಲಿಲ್ಲ. ಬಾಯಿ ಬಿಟ್ಟಿದ್ದರೆ ಅಲ್ಲಿ ಏನು ಬರುತ್ತಿತ್ತೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಆ ಹೆಸರಿನಿಂದ ಆಗಬೇಕಾದದ್ದು ಏನೂ ಇಲ್ಲ.

ಡಾಕ್ಟರು ಎಂದರೆ ನಾಡಿ ಹಿಡಿಯುವ ಡಾಕ್ಟರಲ್ಲ. ಭೂವಿಜ್ಞಾನದಲ್ಲಿ ಡಾಕ್ಟರು. ಮುಂಬಯಿಯ ಅಂಧೇರಿ ಪೂರ್ವದ ಒಂದು ಕಂಪನಿಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು. ಎಂಬತ್ತರ ದಶಕದ ನಡುವಿನಲ್ಲಿ ನಾನು ಮೈಸೂರಿನಿಂದ ಎಂ.ಎಸ್ಸಿ. ಮುಗಿಸಿಕೊಂಡು ಅಲ್ಲಿ ಸೇರಿದಾಗ ಅವರಿಗೆ ಆಗಲೇ ತಲೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮ ಬಿಲ್ಡಿಂಗಿನ ವಾಚ್‌ಮನ್ನನಿಗೆ ಮಾತ್ರ ಈ ವ್ಯತ್ಯಾಸ ತಿಳಿದಿರಲಿಲ್ಲ. ಒಂದು ದಿನ ಅವನು ಲಿಫ್ಟಿನ ಬಾಗಿಲಲ್ಲಿ ಅವರನ್ನು ನಿಲ್ಲಿಸಿ, “ಡಾಕ್ಟರ್ ಸಾಬ್, ಖಾಂಸಿ ಜಾತೀ ನಹೀಂ” ಎಂದ. ತಾವು ಆ ಬಗೆಯ ಡಾಕ್ಟರಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕು? ನಮ್ಮ ಡಾಕ್ಟರು ಕನ್ನಡಕ ತೆಗೆದು, ಅವನ ನಾಲಿಗೆ ಹೊರಚಾಚಿಸಿ, ಅದನ್ನು ಎರಡೂ ಕಡೆಯಿಂದ ಬಗ್ಗಿ ನೋಡಿ, “ಗರಂ ಪಾನಿ” ಎಂದು ಮೇಲೆ ಹೋದರು. ಕೆಮ್ಮು ವಾಸಿಯಾಗಲಿಲ್ಲ. ವಾಚ್‌ಮನ್ನನ ಭಕ್ತಿ ಮಾತ್ರ ಹೆಚ್ಚಿತು. ಅಂದಿನಿಂದ ಅವನು ಅವರ ಬ್ರೀಫ್‌ಕೇಸನ್ನು ತಾನೇ ಎತ್ತಿಕೊಂಡು ಹೋಗತೊಡಗಿದ.

ಗೊತ್ತಿಲ್ಲ ಎಂಬ ಪದ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಯಾವ ಪ್ರಶ್ನೆಗೂ ಉತ್ತರವಿತ್ತು. ಉತ್ತರ ನಿಜಕ್ಕೂ ಇಲ್ಲದಿದ್ದರೆ “ಅದು ಬೇರೆ ಪ್ರಶ್ನೆ” ಎನ್ನುತ್ತಿದ್ದರು. ಹಾಗೆಂದಾಗ, ಕೇಳಿದವನೇ ದಡ್ಡನೇನೋ ಎಂಬಂತಾಗಿ ಅವನು ಎದ್ದುಹೋಗುತ್ತಿದ್ದ.

ನಮ್ಮ ಕೆಲಸವನ್ನು ಸ್ವಲ್ಪ ಹೇಳಬೇಕು. ಮುಂಬಯಿಯ ಆಚೆ ಸಮುದ್ರದ ತಳದಲ್ಲಿ ಮರಳು, ಜೇಡಿ, ಸುಣ್ಣದ ಪದರಗಳು ಒಂದರ ಮೇಲೊಂದು ಕೂತಿವೆ. ಎಣ್ಣೆ ಹುಡುಕುವವರು ಹಡಗಿನಿಂದ ಸದ್ದು ಮಾಡಿ ಅದರ ಮರುದನಿಯನ್ನು ಉದ್ದುದ್ದದ ಕಾಗದಗಳ ಮೇಲೆ ಗೆರೆಗಳಾಗಿ ಇಳಿಸಿಕೊಂಡು ಬರುತ್ತಿದ್ದರು. ಆ ಗೆರೆಗಳನ್ನು ಓದಿ, ಬಣ್ಣದ ಪೆನ್ಸಿಲಿನಿಂದ ಪದರಗಳನ್ನು ಗುರುತಿಸಿ, ಮರಳು ಎಲ್ಲಿ ದಪ್ಪವಾಗಿದೆ ಎಂದು ಹೇಳುವುದು ನಮ್ಮ ಪಾಲಿನದು. ಕೇಳಲು ಸುಲಭ. ತೊಡಕು ಎಲ್ಲಿ ಎಂದರೆ, ಕರಾವಳಿಯ ನೆಲ ಸುಮ್ಮನೆ ಇರುವುದಿಲ್ಲ. ಅದು ಒಡೆಯುತ್ತದೆ, ಒಡೆದ ಗೆರೆಯ ಒಂದು ಪಕ್ಕ ಕೆಳಗೆ ಜಾರುತ್ತದೆ. ಜಾರಿದ ಪಕ್ಕದಲ್ಲಿ ಗುಂಡಿಯಾಗುತ್ತದೆ, ನದಿಗಳು ತಂದ ಮಣ್ಣು ಮರಳೆಲ್ಲ ಅಲ್ಲಿಗೆ ಹೋಗಿ ಹೆಚ್ಚು ಹೆಚ್ಚು ಕೂರುತ್ತದೆ. ಮತ್ತೆ ಜಾರಿದರೆ ಮತ್ತೆ ಕೂರುತ್ತದೆ. ಹೀಗೆ ಒಂದೇ ಪದರ ಗೆರೆಯ ಈಚೆ ತೆಳ್ಳಗೆ, ಆಚೆ ದಪ್ಪಗೆ ಇರುತ್ತದೆ. ಮೇಲ್ಮೈ ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಸಮತಟ್ಟಾಗಿರುತ್ತದೆ.

ಇದನ್ನು ನಮ್ಮ ಡಾಕ್ಟರು ಒಪ್ಪುತ್ತಿರಲಿಲ್ಲ. ನೆಲ ಒಡೆದದ್ದು ನಿಜ, ಆದರೆ ಅದೆಲ್ಲ ಮಣ್ಣು ಬಂದು ಕೂರುವುದಕ್ಕೆ ಎಷ್ಟೋ ಮೊದಲೇ ಮುಗಿದುಹೋದ ಕಥೆ ಎಂಬುದು ಅವರ ಸಿದ್ಧಾಂತ. “ನೀರು ಸಮ ಇದ್ದಮೇಲೆ ಕೆಸರೂ ಸಮ ಕಣಯ್ಯಾ” ಎನ್ನುತ್ತಿದ್ದರು. ಇದನ್ನು ಹೇಳುವಾಗ ಬಲಗೈಯನ್ನು ಮಟ್ಟವಾಗಿ ಮೇಜಿನ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆಯುತ್ತಿದ್ದರು. ಅವರ ಮೇಜಿನ ಮೇಲೆ ಸದಾ ಒಂದು ಮರದ ಸ್ಕೇಲು ಇರುತ್ತಿತ್ತು. ಅದರಿಂದ ಎರಡು ಉಪಯೋಗ: ಒಂದು ಬೆನ್ನು ಕೆರೆದುಕೊಳ್ಳುವುದು, ಇನ್ನೊಂದು ಸಮುದ್ರದ ತಳದ ಪದರಗಳನ್ನು ನೇರ ಮಾಡುವುದು. ನಾವು ಕಣ್ಣು ಕೀಲಿಸಿ, ಗೆರೆ ಹಿಡಿದು, ದಪ್ಪವಾಗುತ್ತ ಹೋಗುವ ಪದರವನ್ನು ಹಾಗೆಯೇ ಬರೆದುಕೊಂಡು ಹೋದರೆ ಅವರು ರಬ್ಬರಿನಿಂದ ಅಳಿಸಿ, ಸ್ಕೇಲಿಟ್ಟು, ಮೇಲೂ ಕೆಳಗೂ ಒಂದೇ ಅಂತರದ ಎರಡು ಗೆರೆ ಎಳೆದು ಕೊಡುತ್ತಿದ್ದರು. “ಈಗ ನೋಡು, ಹೇಗೆ ಲಕ್ಷಣವಾಗಿದೆ” ಎನ್ನುತ್ತಿದ್ದರು. ಲಕ್ಷಣವಾಗಿಯೇ ಇರುತ್ತಿತ್ತು. ಕಾಪಿ ಪುಸ್ತಕದ ಹಾಳೆಯೂ ಲಕ್ಷಣವಾಗಿರುತ್ತದೆ.

ಒಮ್ಮೆ ನಾನು ವಾದಿಸಿದೆ. ಒಡಕಿನ ಪಕ್ಕದಲ್ಲಿ ಪದರ ದಪ್ಪವಾಗಿರುವುದನ್ನು ತೋರಿಸಿ, ಮಣ್ಣು ಕೂರುತ್ತಿರುವಾಗಲೇ ನೆಲ ಜಾರುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಸರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. “ಮೈಸೂರಿನಲ್ಲಿ ಈಗೀಗ ಯಾರು ಪಾಠ ಮಾಡ್ತಿದ್ದಾರೆ?” ಎಂದು ಕೇಳಿದರು. ವಾದ ಅಲ್ಲಿಗೆ ಮುಗಿಯಿತು.

ಆಫೀಸಿನ ಒಳಗಿನ ಈ ಪಾಂಡಿತ್ಯ ಕಾಗದದ ಮೇಲೆ ಉಳಿದಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಆದರೆ ಡಾಕ್ಟರಿಗೆ ಇನ್ನೊಂದು ಚಟವಿತ್ತು. ಅವರು ಕನ್ನಡದಲ್ಲಿ ವಿಜ್ಞಾನವನ್ನು ಜನರಿಗೆ ತಲುಪಿಸುತ್ತಿದ್ದರು. ಸಂಘದಲ್ಲಿ ವರ್ಷಕ್ಕೊಂದು ಉಪನ್ಯಾಸ ಅವರದೇ. ಅದಕ್ಕಾಗಿ ಪದಗಳನ್ನೂ ತಾವೇ ಟಂಕಿಸುತ್ತಿದ್ದರು. ನೆಲದ ಒಡಕಿಗೆ ನಮ್ಮ ಪಠ್ಯಗಳಲ್ಲಿ “ಸ್ತರಭಂಗ” ಎಂಬ ಮಾತಿತ್ತು. ಅದು ಅವರಿಗೆ ಹಿಡಿಸಲಿಲ್ಲ. “ಇಂಗ್ಲಿಷಿನಲ್ಲಿ ಫಾಲ್ಟ್ ಅಂತಾರೆ. ಫಾಲ್ಟ್ ಅಂದ್ರೆ ದೋಷ. ಜನಕ್ಕೆ ಅರ್ಥ ಆಗೋ ಪದ ಇರುವಾಗ ಭಂಗ ಗಿಂಗ ಯಾಕೆ?” ಎಂದರು. ಜನಕ್ಕೆ ಅದು ಅರ್ಥವಾಯಿತು. ಎಷ್ಟು ಚೆನ್ನಾಗಿ ಅರ್ಥವಾಯಿತೆಂಬುದೇ ಮುಂದಿನ ಕಥೆ.

ಆ ವರ್ಷದ ಉಪನ್ಯಾಸ “ನಮ್ಮ ಕರಾವಳಿಯ ದೋಷಗಳು.” ಸಭೆಯಲ್ಲಿ ಮುಕ್ಕಾಲು ಪಾಲು ಉಡುಪಿ ಮಂಗಳೂರಿನ ಕಡೆಯವರು. ಡಾಕ್ಟರು ಗಂಭೀರವಾಗಿ, ಪಶ್ಚಿಮ ಕರಾವಳಿ ಹುಟ್ಟಿದ್ದೇ ದೋಷದಿಂದ ಎಂದರು. ದೋಷದ ಒಂದು ಪಕ್ಕ ಯಾವಾಗಲೂ ತಗ್ಗು ಎಂದರು. ದೊಡ್ಡ ದೋಷಗಳು ಕಣ್ಣಿಗೆ ಕಾಣುವುದಿಲ್ಲ, ಅನುಭವಸ್ಥರೇ ಹೇಳಬೇಕು ಎಂದರು. ನಾನು ಹಿಂದಿನ ಸಾಲಿನಿಂದ ಮುಖಗಳನ್ನು ನೋಡುತ್ತಿದ್ದೆ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬ ಮುದುಕರು ಕೈ ಮುಗಿದುಕೊಂಡೇ ಕೂತುಬಿಟ್ಟರು.

ಉಪನ್ಯಾಸ ಮುಗಿದ ಮೇಲೆ ಶೀನಣ್ಣ ಬಂದರು. ಶೀನಣ್ಣ ನಮ್ಮ ಆಫೀಸಿನ ಬಳಿಯೇ ಹೋಟೆಲು ಇಟ್ಟುಕೊಂಡಿದ್ದವರು. ನಾವು ದಿನಾ ಊಟ ಮಾಡುತ್ತಿದ್ದದ್ದು ಅಲ್ಲೇ. ಚಿಕ್ಕ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಲೋಟ ತೊಳೆದು, ಗಲ್ಲಾದ ತನಕ ಏರಿದ ಮನುಷ್ಯ. ಘಾಟ್ಕೋಪರಿನ ಪೂರ್ವಕ್ಕೆ, ಖಾಡಿಯ, ಎಂದರೆ ಸಮುದ್ರ ಒಳನುಗ್ಗಿದ ಹಿನ್ನೀರಿನ, ಅಂಚಿನಲ್ಲಿ ಒಂದು ಜಾಗ ನೋಡಿದ್ದರು. ಕೆಳಗೆ ಹೋಟೆಲಿನ ಕೆಲಸದವರಿಗೆ ಇರಲು ಕೋಣೆಗಳು, ಮೇಲೆ ತಮ್ಮ ಸಂಸಾರಕ್ಕೆ ಮನೆ ಎಂದು ಅವರ ಯೋಚನೆ. ಇಷ್ಟು ವರ್ಷ ಬಾಡಿಗೆ ಕೋಣೆಗಳಲ್ಲಿ ಕಳೆದವರಿಗೆ ಅದು ಸಣ್ಣ ಮಾತಲ್ಲ.

“ಡಾಕ್ಟ್ರೇ, ನಮ್ಮ ಜಾಗದಲ್ಲಿ ದೋಷ ಉಂಟಾ ಅಂತ ನೀವೊಮ್ಮೆ ನೋಡಿ ಹೇಳ್ಬೇಕಿತ್ತು” ಎಂದರು ಶೀನಣ್ಣ. ಅವರು ಕೇಳಿದ ದೋಷ ಯಾವುದು, ಇವರು ಹೇಳಿದ ದೋಷ ಯಾವುದು ಎಂದು ಅಲ್ಲಿದ್ದ ಮೂರನೆಯವನಾದ ನನಗೆ ತಿಳಿಯಿತು. ನಾನು ಬಾಯಿ ಹಾಕಿ, “ಶೀನಣ್ಣ, ಸರ್ ಹೇಳಿದ್ದು ಬೇರೆ ಅರ್ಥದಲ್ಲಿ” ಎಂದು ಶುರು ಮಾಡಿದೆ. ಡಾಕ್ಟರು ಕೈಯೆತ್ತಿ ತಡೆದರು. “ಭಾನುವಾರ ಬರ್ತೀನಿ” ಎಂದರು.

ಭಾನುವಾರ ಟ್ಯಾಕ್ಸಿಯಲ್ಲಿ ಹೋದೆವು. ಡಾಕ್ಟರು ಬೂಟು ಹಾಕಿ, ಕೈಯಲ್ಲಿ ಕಲ್ಲು ಒಡೆಯುವ ಸುತ್ತಿಗೆ ಹಿಡಿದಿದ್ದರು. ಜಾಗ ಭರಣಿ ಹಾಕಿದ್ದು: ಖಾಡಿಯ ಕೆಸರಿನ ಮೇಲೆ ಕಲ್ಲು ಮಣ್ಣು ಸುರಿದು ಮಟ್ಟ ಮಾಡಿದ್ದರು. ಪಶ್ಚಿಮದ ಗೇಟಿನ ಹತ್ತಿರ ಕರಿಕಲ್ಲು ನೆಲದಿಂದ ತಲೆ ಹೊರಹಾಕಿ ಕೂತಿತ್ತು. ಅದರಾಚೆಗೆ ಒಂದೇ ಸಲಕ್ಕೆ ಕತ್ತರಿಸಿದ ಹಾಗೆ ಕಲ್ಲು ಇಲ್ಲವಾಗಿ, ಖಾಡಿಯ ತನಕ ಬರೀ ಮಣ್ಣು. ಡಾಕ್ಟರು ಜಾಗದ ನಡುವೆ ನಿಂತು ಸುತ್ತಿಗೆ ಎತ್ತಿ ನೆಲಕ್ಕೆ ಹೊಡೆದರು. ಸುತ್ತಿಗೆ ಹಿಡಿಕೆಯ ತನಕ ಹೂತುಹೋಯಿತು. ಅದನ್ನು ಕಿತ್ತು ಕೊಡಲು ನಾನೂ ಶೀನಣ್ಣನ ಮಗ ಪ್ರಕಾಶನೂ ಸೇರಬೇಕಾಯಿತು. ಬೇರೆ ಯಾರಿಗಾದರೂ ಆ ಒಂದು ಪೆಟ್ಟು ಸಾಕಾಗುತ್ತಿತ್ತು.

ನಾನು ಮೆಲ್ಲಗೆ ಹೇಳಿದೆ: “ಸರ್, ಆ ಕಲ್ಲು ಅಲ್ಲಿ ಯಾಕೆ ನಿಂತುಬಿಟ್ಟಿದೆ? ಖಾಡಿ ಕಡೆಗೆ ಕಲ್ಲು ತುಂಬಾ ಆಳದಲ್ಲಿರಬಹುದು. ಎರಡೂ ಕೊನೆಯಲ್ಲಿ ಒಂದೊಂದು ಬೋರ್ ಹಾಕಿಸಿ ನೋಡಿದ್ರೆ ಒಳ್ಳೇದು.”

“ಬೋರ್ ಯಾಕಯ್ಯಾ, ಕಣ್ಣಿಲ್ವಾ?” ಎಂದರು ಡಾಕ್ಟರು. ಕೈಯನ್ನು ಮಟ್ಟ ಮಾಡಿ ಆ ಕಡೆಯಿಂದ ಈ ಕಡೆಗೆ ಎಳೆದರು. “ಮೇಲೆ ಸಮ ಇದೆ. ಕೆಳಗೂ ಸಮ.” ಆಮೇಲೆ ಶೀನಣ್ಣನ ಕಡೆ ತಿರುಗಿ, ತೀರ್ಪು ಓದುವವರ ದನಿಯಲ್ಲಿ, “ಇಲ್ಲಿ ದೋಷವಿಲ್ಲ” ಎಂದರು.

ಶೀನಣ್ಣನ ಕಣ್ಣಲ್ಲಿ ನೀರು ಬಂತು. ಗೇಟಿನ ಹೊರಗೆ ತೆಂಗಿನಕಾಯಿ ಒಡೆದರು. ಬೋರಿನ ಮಾತೆತ್ತಿದ ನನ್ನನ್ನು, ಗಿರಾಕಿಯ ಮೈಮೇಲೆ ಚಹಾ ಚೆಲ್ಲಿದ ಹುಡುಗನನ್ನು ನೋಡುವ ಹಾಗೆ ನೋಡಿದರು.

ಕಟ್ಟಡ ಎದ್ದಿತು. ಅದೇ ವರ್ಷ ಪ್ರಕಾಶನ ಮದುವೆಯೂ ಆಯಿತು. ಹುಡುಗಿ ಸುಜಾತ, ಕುರ್ಲಾದ ಚಾಳಿನಲ್ಲೇ ಹುಟ್ಟಿ ಬೆಳೆದವಳು; ಅಪ್ಪ ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ನಮ್ಮಂಥವರ ಹತ್ತಿರ ಕನ್ನಡ. ಹೊಸ ಮನೆಗೆ ಹೊಸ ಸೊಸೆ ಎಂದು ಶೀನಣ್ಣ ಹೋಟೆಲಿನಲ್ಲಿ ಎಲ್ಲರಿಗೂ ಬಾದಾಮಿ ಹಲ್ವ ಹಂಚಿದರು.

ಒಂದು ಮಳೆಗಾಲ ಕಳೆಯುವುದರೊಳಗೆ ಮನೆ ವಾಲತೊಡಗಿತು. ಮೊದಲು ಬಾಗಿಲುಗಳು ಹಾಕಿದಲ್ಲಿ ನಿಲ್ಲದಾದವು. ಆಮೇಲೆ ಬಚ್ಚಲಿನ ನೀರು ಮೋರಿಯ ಕಡೆ ಹೋಗದೆ ಎದುರು ಮೂಲೆಯಲ್ಲಿ ನಿಲ್ಲತೊಡಗಿತು. ಮೆಟ್ಟಿಲ ಪಕ್ಕದ ಗೋಡೆ ಬಿರುಕು ಬಿಟ್ಟಿತು. ಖಾಡಿಯ ಕಡೆಯ ಅರ್ಧ ಕೆಳಗಿಳಿಯುತ್ತಿತ್ತು, ಕಲ್ಲಿನ ಕಡೆಯ ಅರ್ಧ ಅಲ್ಲೇ ಇತ್ತು. ಶೀನಣ್ಣ ಗಾಬರಿಯಾಗಿ ಡಾಕ್ಟರನ್ನು ಮತ್ತೆ ಕರೆದರು. ಬರಿಗೈಯಲ್ಲಿ ಕರೆಯುವುದು ಸರಿಯಲ್ಲವೆಂದು ಊಟಕ್ಕೇ ಕರೆದರು. ನಾನೂ ಜೊತೆಗೆ ಹೋದೆ.

ಅಡುಗೆಮನೆಯಲ್ಲಿ ಸುಜಾತ ಸಾಂಬಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಕಟ್ಟೆಯ ಮೇಲಿಟ್ಟಿದ್ದಳು. ಸಾಂಬಾರು ಒಂದು ಕಡೆ ಪಾತ್ರೆಯ ಕಂಠ ಮುಟ್ಟುತ್ತಿತ್ತು, ಇನ್ನೊಂದು ಕಡೆ ಎರಡು ಬೆರಳು ಕೆಳಗಿತ್ತು.

“ಸರ್, ಪಾತ್ರೆ ವಾಲಿದ್ದಾ, ಮನೆ ವಾಲಿದ್ದಾ?” ಎಂದು ಅವಳು ನನ್ನನ್ನು ಕೇಳಿದಳು. ಕೇಳಿ ತಾನೇ ನಕ್ಕಳು.

ನನಗೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿರಲಿಲ್ಲ. ಡಾಕ್ಟರನ್ನು ಒಳಗೆ ಕರೆದು ತೋರಿಸಿದೆ. “ನೋಡಿ ಸರ್. ಮೇಲ್ಗಡೆ ಸಮ ಇದೆ. ತಳ ಮಾತ್ರ ಒಂದು ಕಡೆ ಆಳ. ಈ ಜಾಗದಲ್ಲೂ ಇದೇ ಆಗಿದೆ. ಯಾವುದೋ ಕಾಲದಲ್ಲಿ ನೆಲ ಖಾಡಿ ಕಡೆಗೆ ಜಾರಿದೆ, ಆ ಕಡೆ ಕೆಸರು ದಪ್ಪಗೆ ಕೂತಿದೆ. ಅದರ ಮೇಲೆ ಮನೆ ಕಟ್ಟಿದ್ದಾರೆ.”

ಡಾಕ್ಟರು ಪಾತ್ರೆಯನ್ನು ಒಂದು ಗಳಿಗೆ ನೋಡಿದರು. “ಇದು ಸಾಂಬಾರು ಕಣಯ್ಯಾ” ಎಂದರು.

ಆ ಸಾಂಬಾರನ್ನು ಮೂರು ಸಲ ಹಾಕಿಸಿಕೊಂಡು ಉಂಡರು. ಎಲೆಯ ಮುಂದಿನಿಂದ ಎದ್ದು, ಕೈ ತೊಳೆದು, ಬಿರುಕಿನ ಮೇಲೆ ಬೆರಳಾಡಿಸಿ, ಶೀನಣ್ಣನಿಗೆ ಹೇಳಿದರು: “ನಾನು ಅವತ್ತು ಹೇಳಿದ್ದಕ್ಕೆ ಇವತ್ತೂ ಬದ್ಧ. ಇಲ್ಲಿ ದೋಷ ಇಲ್ಲ. ಇದು ಕುಸಿತ.”

ಶೀನಣ್ಣನಿಗೆ ಎರಡನೆಯ ಪದ ಕೇಳಿಸಲೇ ಇಲ್ಲ. ದೋಷ ಇಲ್ಲ ಎಂದದ್ದಷ್ಟೇ ಕೇಳಿಸಿತು. ದೋಷ ಇಲ್ಲದ ಜಾಗದಲ್ಲಿ ಮನೆ ಯಾಕೆ ವಾಲುತ್ತದೆ? ಅವರು ಊರ ಕಡೆಯಿಂದ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಇದು ಅವರ ಕಡೆ ಇರುವುದೇ. ಮನೆಗೆ ಕಷ್ಟ ಬಂದರೆ ಕವಡೆ ಇಟ್ಟು ಕಾರಣ ಕೇಳುತ್ತಾರೆ. ನಡೆದದ್ದನ್ನು ಶೀನಣ್ಣನೇ ನನಗೆ ಗಲ್ಲಾದ ಪಕ್ಕ ಕೂರಿಸಿಕೊಂಡು ಹೇಳಿದರು.

“ಜೋಯಿಸ್ರು ಮೊದ್ಲು ಕೇಳಿದ್ದೇ ಜಾಗದ ದೋಷ ಉಂಟಾ ಅಂತ ಮಾರಾಯ್ರೆ. ನಾನು ಹೇಳಿದೆ, ಇಲ್ಲ, ದೊಡ್ಡ ಡಾಕ್ಟ್ರು ಎರಡು ಸಲ ಬಂದು ನೋಡಿದ್ದಾರೆ, ನೆಲದಲ್ಲಿ ಎಂತದೂ ಇಲ್ಲ ಅಂತ. ಹಾಗಾದ್ರೆ ನೆಲದ್ದಲ್ಲ, ಮನೆಗೆ ಹೊಸದಾಗಿ ಬಂದವರದ್ದು ಅಂದ್ರು.”

“ಹೊಸದಾಗಿ ಬಂದವರು ಅಂದ್ರೆ?”

ಶೀನಣ್ಣ ಚಿಲ್ಲರೆ ಡಬ್ಬಿಯನ್ನು ಮುಚ್ಚಿದರು. “ಸುಜಾತ ಸ್ವಲ್ಪ ಸಮಯ ಅಪ್ಪನ ಮನೆಯಲ್ಲಿ ಇರ್ಲಿ ಅಂತ ಮಾಡಿದ್ದೇವೆ.”

ಜೋಯಿಸರನ್ನು ನಾನು ಬೈಯುವುದಿಲ್ಲ. ಅವರು ನೆಲವನ್ನೇ ಮೊದಲು ಕೇಳಿದ್ದರು. ನಮ್ಮ ನಿಷ್ಠುರ ವಿಜ್ಞಾನಿ ನೆಲಕ್ಕೆ ಬಿಡುಗಡೆ ಪತ್ರ ಕೊಟ್ಟುಬಿಟ್ಟಿದ್ದರಿಂದ ಅವರು ಬೇರೆಯವರನ್ನು ಹುಡುಕಬೇಕಾಯಿತು. ಕವಡೆಯೂ ಸುತ್ತಿಗೆಯೂ ಕೈ ಜೋಡಿಸಿ ಒಬ್ಬ ಹುಡುಗಿಯನ್ನು ಮನೆಯಿಂದ ಹೊರಗೆ ಹಾಕಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಪ್ರಕಾಶ ಅಲ್ಲೇ ಕೌಂಟರಿನಲ್ಲಿ ಕೂಪನ್ನು ಹರಿದು ಕೊಡುತ್ತಿದ್ದ. ತಲೆ ಎತ್ತಲಿಲ್ಲ. ನಾನು ಶೀನಣ್ಣನಿಗೆ, ದೋಷ ನೆಲದ್ದೇ, ಕೆಸರಿನದು, ಹುಡುಗಿಯದಲ್ಲ ಎಂದು ಬಗೆಬಗೆಯಾಗಿ ಹೇಳಿದೆ. ಅವರು ಸಮಾಧಾನದಿಂದ ಕೇಳಿ, “ನೀವು ಹೇಳೋದು ಸರಿ ಇರಬಹುದು. ಡಾಕ್ಟ್ರು ಇಲ್ಲ ಅಂದಿದ್ದಾರಲ್ಲ” ಎಂದರು.

ಹಾಗಾಗಿ ಡಾಕ್ಟರ ಬಾಯಿಂದಲೇ ಬರಬೇಕಿತ್ತು. ಮರುದಿನ ಬೆಳಿಗ್ಗೆಯೇ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕೇಳಿ ಅವರಿಗೂ ಬೇಸರವಾಯಿತು. “ಛೇ, ಎಂಥ ಮೌಢ್ಯ” ಎಂದರು.

“ಸರ್, ನೀವೊಂದು ಮಾತು ಹೇಳಿದ್ರೆ ಸಾಕು. ಜಾಗದಲ್ಲಿ ದೋಷ ಇದೆ ಅಂತ. ಅವರ ಅರ್ಥದಲ್ಲಿ ಅದು ನಿಜ ತಾನೇ?”

“ಅವರ ಅರ್ಥ ಕಟ್ಟಿಕೊಂಡು ನನಗೇನಯ್ಯಾ? ಪದ ನನ್ನದು.” ಸ್ಕೇಲು ಎತ್ತಿ ಬೆನ್ನಿಗೆ ಹಾಕಿಕೊಂಡರು. “ಅಲ್ಲಿ ದೋಷ ಇಲ್ಲ. ಇಲ್ಲದ್ದನ್ನ ಇದೆ ಅಂತ ಹೇಗೆ ಹೇಳಲಿ? ವಿಜ್ಞಾನದಲ್ಲಿ ದಾಕ್ಷಿಣ್ಯ ನಡೆಯೋಲ್ಲ.”

“ಆ ಹುಡುಗಿ ಗತಿ ಸರ್?”

“ಅದು ಬೇರೆ ಪ್ರಶ್ನೆ.”

ನನಗೆ ಆ ದಿನ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಈ ನಿಷ್ಠುರತೆಯನ್ನು ಅವರು ವಾಚ್‌ಮನ್ನನ ನಾಲಿಗೆ ನೋಡುವಾಗ ಎಲ್ಲಿಟ್ಟಿದ್ದರು? ಸುತ್ತಿಗೆ ಹೂತುಹೋದಾಗ ಎಲ್ಲಿಟ್ಟಿದ್ದರು? ತಿಳಿಯದ್ದಕ್ಕೆಲ್ಲ ಉತ್ತರ ಕೊಡುವವರಿಗೆ, ಒಬ್ಬಳ ಬಾಳು ನಿಂತಿರುವ ಒಂದೇ ಒಂದು ಮಾತು ಆಡಬೇಕಾಗಿ ಬಂದಾಗ ವಿಜ್ಞಾನ ನೆನಪಾಯಿತು.

ತಿಂಗಳುಗಳು ಹೋದವು. ನಾನು ಮತ್ತೆ ಮತ್ತೆ ಕೇಳಿದೆ, ಅವರು ಮತ್ತೆ ಮತ್ತೆ ಬದ್ಧರಾಗಿ ಉಳಿದರು. ಅಷ್ಟರಲ್ಲಿ ಪುಣೆಯ ಒಬ್ಬ ಯುವಕ ಪ್ರಾಧ್ಯಾಪಕ ಒಂದು ಸೆಮಿನಾರಿನಲ್ಲಿ ಮಾತಾಡಲಿರುವುದು ನನ್ನ ಕಿವಿಗೆ ಬಿತ್ತು. ಮುಂಬಯಿಯ ಖಾಡಿ ಸುಮ್ಮನೆ ನೀರು ಕೊರೆದ ಹಾದಿಯಲ್ಲ, ನೆಲ ಒಡೆದ ಗೆರೆಯ ಮೇಲೆಯೇ ಅದು ಹರಿಯುತ್ತದೆ, ಅದಕ್ಕೇ ಅಲ್ಲಿ ಕೆಸರು ಒಂದು ಕಡೆ ಅಷ್ಟು ದಪ್ಪ ಎಂಬುದು ಅವನ ವಾದ. ಅದು ನಿಜವೋ ಅಲ್ಲವೋ ಬಲ್ಲವರು ಈಗಲೂ ಜಗಳವಾಡುತ್ತಾರೆ. ನನಗೆ ಅದರ ಸತ್ಯ ಬೇಕಿರಲಿಲ್ಲ, ಅದರ ಉಪಯೋಗ ಬೇಕಿತ್ತು. ಊಟದ ಹೊತ್ತಿನಲ್ಲಿ ಡಾಕ್ಟರ ಎದುರಿಗೆ ಕೂತು, ಅನ್ನ ಕಲಸುತ್ತ, “ಪುಣೆಯವನೊಬ್ಬ ಖಾಡಿ ಕೆಳಗೆ ದೋಷ ಇದೆ ಅಂತ ಮೊದಲ ಬಾರಿಗೆ ಹೇಳ್ತಿದ್ದಾನಂತೆ ಸರ್” ಎಂದೆ.

ಡಾಕ್ಟರ ಕೈ ತಟ್ಟೆಯಲ್ಲೇ ನಿಂತಿತು. “ಮೊದಲ ಬಾರಿಗೆ?” ಎಂದರು.

“ಹಾಗಂತಾರೆ.”

“ಯಾರಯ್ಯಾ ಅವನು? ಇದು ನಾನು ಎಷ್ಟು ವರ್ಷದಿಂದ ಹೇಳ್ತಿರೋದು!”

ನಾನು ಮಜ್ಜಿಗೆ ಹಾಕಿಕೊಂಡೆ. ಸಂಜೆಯ ಹೊತ್ತಿಗೆ ಅವರು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ವಿಶೇಷ ಉಪನ್ಯಾಸ ಗೊತ್ತು ಮಾಡಿಸಿದ್ದರು. ಸೆಮಿನಾರಿಗಿಂತ ಮೊದಲೇ ಆಗಬೇಕು ಎಂಬ ಷರತ್ತಿನ ಮೇಲೆ.

ಉಪನ್ಯಾಸದ ದಿನ ಶೀನಣ್ಣನನ್ನು ಮುಂದಿನ ಸಾಲಿನಲ್ಲಿ ನಾನೇ ಕೂರಿಸಿದೆ. ಡಾಕ್ಟರು ಎಂದಿನ ಗಾಂಭೀರ್ಯದಿಂದ, ಖಾಡಿಯ ಉದ್ದಕ್ಕೂ ನೆಲದಲ್ಲಿ ದೋಷವಿದೆ, ಅದು ಸತ್ತಿಲ್ಲ, ಮಣ್ಣು ಕೂರುತ್ತಿದ್ದ ಕಾಲಕ್ಕೂ ಅದು ಜಾರುತ್ತಲೇ ಇತ್ತು, ಘಾಟ್ಕೋಪರಿನಲ್ಲಿ ಒಂದು ಮನೆ ವಾಲಿರುವುದೇ ಇದಕ್ಕೆ ಪುರಾವೆ ಎಂದರು; ಇದನ್ನು ತಾವು ಬಹಳ ಹಿಂದೆಯೇ ಕಂಡುಕೊಂಡಿದ್ದಾಗಿ ಹೇಳಿದರು. ನಾನು ವರ್ಷಗಟ್ಟಲೆ ವಾದಿಸಿ ಸೋತದ್ದನ್ನೆಲ್ಲ ಒಂದು ಉಸಿರಿನಲ್ಲಿ ನನ್ನೆದುರಿಗೇ ಒಪ್ಪಿಸಿದರು. ಒಂದು ಕ್ಷಣವೂ ನಾಚಲಿಲ್ಲ. ಅವರು ನಂಬಿಯೇ ಹೇಳುತ್ತಿದ್ದರೆಂದು ನನಗೆ ಅನ್ನಿಸಿತು. ಆ ಸುಖವಾದರೂ ಅವರಿಗೆ ಇದ್ದೇ ಇತ್ತು: ತಾವು ಹಿಂದೆ ಏನು ಹೇಳಿದ್ದೆವೆಂದು ಅವರಿಗೆ ಎಂದೂ ನೆನಪಿರುತ್ತಿರಲಿಲ್ಲ.

ಶೀನಣ್ಣ ಎದ್ದು ವೇದಿಕೆ ಹತ್ತಿ ಅವರ ಕಾಲು ಮುಟ್ಟಿದರು. ಶಾಲು ತರಿಸಿ ಹೊದಿಸಿದರು. ಸುಜಾತಳ ವಿಷಯ ಸಭೆಗೆಲ್ಲ ಗೊತ್ತಿದ್ದದ್ದೇ. ಯಾರೋ ಚಪ್ಪಾಳೆ ಶುರು ಮಾಡಿದರು. ಡಾಕ್ಟರು ಶಾಲನ್ನು ಸರಿಮಾಡಿಕೊಂಡು, ವಿಜ್ಞಾನ ಇರುವುದೇ ಮನುಷ್ಯರ ಸಂಸಾರ ಉಳಿಸುವುದಕ್ಕೆ ಎಂದರು. ಮನೆಯ ತಗ್ಗಿನ ಕಡೆಗೆ ಶೀನಣ್ಣ ಆಮೇಲೆ ಕಂಟ್ರಾಕ್ಟರನ್ನು ಹಿಡಿದು ಆಳದ ಕಂಬಗಳನ್ನು ಇಳಿಸಿದರು. ಅದು ಈಗಲೂ ವಾಲಿಕೊಂಡೇ ನಿಂತಿದೆ.

ಸಂಸಾರ ಉಳಿಸಿದ ಈ ಕಥೆಯನ್ನು ಡಾಕ್ಟರು ನಿವೃತ್ತರಾಗುವ ತನಕ ಎಲ್ಲ ವೇದಿಕೆಗಳಲ್ಲೂ ಹೇಳಿದರು. ಶ್ರದ್ಧಾಂಜಲಿ ಸಭೆಯಲ್ಲೂ ಒಬ್ಬರು ಕಣ್ಣೊರೆಸಿಕೊಂಡು ಅದನ್ನೇ ಹೇಳಿದರು. ಆಮೇಲೆ ಆ ಸಂಸಾರ ಏನಾಯಿತೆಂದು ಕೇಳುವ ವ್ಯವಧಾನ ಯಾರಿಗೂ ಇದ್ದಂತಿಲ್ಲ. ನನಗೆ ಗೊತ್ತಿದೆ, ಯಾಕೆಂದರೆ ನಾನು ಅಲ್ಲಿದ್ದೆ.

ಉಪನ್ಯಾಸದ ಮಾರನೆಯ ಸಂಜೆ ಶೀನಣ್ಣ, ಪ್ರಕಾಶ ಮತ್ತು ನಾನು ಕುರ್ಲಾದ ಚಾಳಿಗೆ ಹೋದೆವು. ಡಾಕ್ಟರ ಪರವಾಗಿ ವಿಜ್ಞಾನ ಬಲ್ಲವರು ಒಬ್ಬರು ಇರಲಿ ಎಂದು ಶೀನಣ್ಣ ನನ್ನನ್ನು ಎಳೆದುಕೊಂಡು ಹೋಗಿದ್ದರು. ಸುಜಾತಳ ಅಪ್ಪ ನಮ್ಮನ್ನು ಮಂಚದ ಮೇಲೆ ಕೂರಿಸಿ ತಾವು ಬಾಗಿಲಲ್ಲಿ ನಿಂತರು. ಸುಜಾತ ಇನ್ನೂ ಬಂದಿರಲಿಲ್ಲ. ಅವಳು ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿಕೊಂಡಿದ್ದು ನಮಗೆ ಆಗಲೇ ತಿಳಿದದ್ದು. ಸ್ವಲ್ಪ ಹೊತ್ತಿಗೆ ಲೋಕಲ್ ರೈಲಿನ ನೂಕಿನಲ್ಲಿ ಕೆದರಿದ ತಲೆಯೊಂದಿಗೆ, ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ನಮ್ಮನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

ಶೀನಣ್ಣನಿಗೆ ಮಾತು ತಡೆಯುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಅವರ ಸಂತೋಷ ನಿಜವಾದದ್ದೇ. “ಮಗಾ, ದೋಷ ನಿನ್ನದಲ್ಲ. ನೆಲದ್ದು. ಡಾಕ್ಟ್ರೇ ನಿನ್ನೆ ಸಭೆಯಲ್ಲಿ ಎಲ್ಲರೆದುರು ಹೇಳಿದ್ರು. ಹೊರಡು, ಮನೆಗೆ ಹೋಗುವ” ಎಂದರು.

ಸುಜಾತ ಚೀಲ ಕೆಳಗಿಟ್ಟಳು. “ಆ ಡಾಕ್ಟ್ರು ಮೊದ್ಲು ಇಲ್ಲ ಅಂದಿದ್ರಲ್ಲ ಮಾವ?”

“ಈಗ ಉಂಟು ಅಂದಿದ್ದಾರೆ.”

“ಮತ್ತೆ ನಾಳೆ ಇಲ್ಲ ಅಂದ್ರೆ? ನಾನು ಪುನಃ ಇಲ್ಲಿಗೇ ಬರೋದಾ?”

“ಹಾಗೆಲ್ಲ ಹೇಳುವವರಲ್ಲ ಅವ್ರು, ದೊಡ್ಡವರು” ಎಂದರು ಶೀನಣ್ಣ.

ಅವಳು ಪ್ರಕಾಶನ ಕಡೆ ತಿರುಗಿದಳು. ದನಿ ಏರ‍ಲಿಲ್ಲ. “ಡಾಕ್ಟ್ರು ಇರ್ಲಿ, ಜೋಯಿಸ್ರೂ ಇರ್ಲಿ. ನೀವು ಹೇಳಿ. ನನ್ನಲ್ಲಿ ದೋಷ ಉಂಟಾ, ಇಲ್ವಾ?”

ಪ್ರಕಾಶ ಅಪ್ಪನ ಮುಖ ನೋಡಿದ. ಅಪ್ಪ ನನ್ನ ಮುಖ ನೋಡಿದರು. ಚಾಳಿನ ಮೊಗಸಾಲೆಯಲ್ಲಿ ಯಾರದೋ ರೇಡಿಯೋದಲ್ಲಿ ಮರಾಠಿ ವಾರ್ತೆ ಬರುತ್ತಿತ್ತು. ನಾನೇ ಬಾಯಿಬಿಟ್ಟೆ. “ನಿನ್ನಲ್ಲಿ ಯಾವ ದೋಷವೂ ಇಲ್ಲಮ್ಮ” ಎಂದೆ.

“ನಿಮ್ಮನ್ನ ಕೇಳಿದ್ದಲ್ಲ ಸರ್” ಎಂದಳು ಸುಜಾತ.

ಇನ್ನೂ ಒಂದಿಷ್ಟು ಹೊತ್ತು ಪ್ರಕಾಶನನ್ನೇ ನೋಡುತ್ತ ನಿಂತಿದ್ದಳು. ಅವನು ಮತ್ತೆ ಅಪ್ಪನ ಕಡೆ ತಿರುಗಿದ. ಆಮೇಲೆ ಅವಳು ಚೀಲದಿಂದ ಊಟದ ಡಬ್ಬಿ ತೆಗೆದುಕೊಂಡು, ಮರುದಿನದ ಆಫೀಸಿಗೆಂದು ತೊಳೆಯಲು ನಲ್ಲಿಯ ಕಡೆಗೆ ಹೋದಳು.